ಲಂಬು ಬಂದಮೇಲೆ

2007ರಲ್ಲಿ ನಾನು ಎರಡನೇ ಬಿ.ಎಸ್ಸಿ. ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎಲ್ಲರೂ ಕುಳ್ಳರೇ. ಹಾಗಾಗಿ ಓಟವೇ ನಮ್ಮ ಬಂಡವಾಳ. ಬಾಲ್ ಸಿಕ್ಕಿದ್ದೇ ತಡ, ಎದುರಿನವರು ತಿರುಗುವಷ್ಟರಲ್ಲಿ ರಿಂಗ್ ಕೆಳಗೆ ಇರುತ್ತಿದ್ದೆವು. ಆ ವರ್ಷ ಹಾಸ್ಟೆಲ್‌ಗೆ ಆರಡಿ ನಾಲ್ಕಿಂಚಿನ ಹುಡುಗನೊಬ್ಬ ಬಂದ. ಮೊದಲ ದಿನವೇ ಅವನು ಎಲ್ಲರ ಬಾಯಲ್ಲಿ ಲಂಬು ಆದ.

ಲಂಬು ಬಂದಮೇಲೆ ನಾವು ಓಡುವುದನ್ನೇ ಬಿಟ್ಟೆವು. ಅವನ ಕೈಗೆ ಬಾಲ್ ಕೊಟ್ಟು ಸುಮ್ನೆ ನೋಡುತ್ತಾ ನಿಲ್ಲುವುದು. ಮೂವರು ಬಂದು ಅವನನ್ನು ಮುತ್ತಿಕೊಳ್ಳುತ್ತಿದ್ದರು. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಮೊದಲ ಪಂದ್ಯಕ್ಕೇ ಮನೆಗೆ ಬಂದೆವು.

ಮರುದಿನ ಪಿ.ಇ. ಸರ್ ಬೈಯಲಿಲ್ಲ. ಕೋರ್ಟಿನ ಕಟ್ಟೆ ಮೇಲೆ ಕೂರಿಸಿ 1985ರ ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಫೈನಲ್ ಕಥೆ ಹೇಳಿದರು. ಮ್ಯಾಜಿಕ್ ಜಾನ್ಸನ್ ಅವರ ಲೇಕರ್ಸ್ ತಂಡ ಅಂದರೆ ಮಿಂಚಿನ ಓಟ. ಅದೇ ತಂಡದಲ್ಲಿ ಏಳಡಿ ಎರಡಿಂಚಿನ ಕರೀಮ್ ಅಬ್ದುಲ್-ಜಬ್ಬಾರ್, ಆಗ 38 ವರ್ಷ. ಬಾಸ್ಟನ್ ವಿರುದ್ಧ ಮೊದಲ ಪಂದ್ಯ 148-114ರಿಂದ ಸೋತರು. ರಿಂಗ್‌ಗೆ ಬೀಳದೆ ಪುಟಿದ ಬಾಲನ್ನು ಹಿಡಿಯುವುದೇ ರಿಬೌಂಡ್; ಕರೀಮ್‌ಗೆ ಸಿಕ್ಕಿದ್ದು ಬರೀ ಮೂರು. ಮುಂದಿನ ಪಂದ್ಯದಲ್ಲಿ 30 ಪಾಯಿಂಟ್, 17 ರಿಬೌಂಡ್. ಸರಣಿ ಗೆದ್ದರು.

"ರಿಬೌಂಡ್ ಇಲ್ಲದೆ ಮ್ಯಾಜಿಕ್ ಏನನ್ನು ಹಿಡ್ಕೊಂಡು ಓಡ್ಬೇಕು? ಓಟ ಶುರುವಾಗೋದು ಉದ್ದದವನ ಕೈಯಿಂದ ಕಣ್ರೋ" ಅಂದರು ಸರ್.

ಅವತ್ತಿನಿಂದ ದಿನಾ ಸಂಜೆ ಸರ್ ಸೈಡ್‌ಲೈನ್ ಹತ್ತಿರ ಸುಣ್ಣದಿಂದ ಒಂದು ವೃತ್ತ ಬರೆಯುತ್ತಿದ್ದರು. ರಿಂಗ್ ಎದುರಿನ ಫ್ರೀ ಥ್ರೋ ಗೆರೆಯ ನೇರಕ್ಕೆ, ತಟ್ಟೆಯಷ್ಟು ಅಗಲ. ನಾನು ಸೈಡ್‌ಲೈನ್‌ಗೆ ಬೆನ್ನು ಕೊಟ್ಟು ಅದರೊಳಗೆ ನಿಲ್ಲಬೇಕು. ಲಂಬು ರಿಬೌಂಡ್ ಹಿಡಿದು, ಗಾಳಿಯಲ್ಲೇ ಅರ್ಧ ತಿರುಗಿ, ಬಾಲನ್ನು ಗಲ್ಲದಿಂದ ಕೆಳಗಿಳಿಸದೆ ನನ್ನ ಎದೆಗೆ ಎಸೆಯಬೇಕು. ಡ್ರಿಬಲ್ ಮಾಡುವ, ಅಂದರೆ ಬಾಲನ್ನು ನೆಲಕ್ಕೆ ಪುಟಿಸುವ ಹಾಗಿಲ್ಲ. ಸರ್ ಮೂರು ಎಣಿಸುವುದರಲ್ಲಿ ಬಾಲ್ ಅರ್ಧ ಕೋರ್ಟ್ ದಾಟಿರಬೇಕು. ಆಮೇಲೆ ಲಂಬು ನೇರ ರಿಂಗ್ ಕಡೆಗೆ ಓಡಿ ಬರಬೇಕು, ಕೊನೆಯವನಾಗಿ ಬಂದರೂ ಸರಿ. ದಾರಿ ಮುಚ್ಚಿದ್ದರೆ ನಾವು ತಡೆದು ನಿಂತು ಅವನಿಗೆ ಕಾಯಬೇಕು. ಈ ಕಾಯುವುದೇ ನನಗೆ ತುಂಬಾ ಕಷ್ಟವಾಗಿತ್ತು.

2008ರ ಫೆಬ್ರವರಿಯಲ್ಲಿ, ನಾವು ಆರಾಧಿಸುತ್ತಿದ್ದ ಓಟದ ತಂಡ ಫೀನಿಕ್ಸ್ ಸನ್ಸ್, ಶಾನ್ ಮೇರಿಯನ್ ಅವರನ್ನು ಬಿಟ್ಟುಕೊಟ್ಟು ಏಳಡಿ ದಾಟಿದ ದೈತ್ಯ ಶಾಕಿಲ್ ಓನೀಲ್ ಅವರನ್ನು ತಂದುಕೊಂಡಿತು. ಆ ಸಲ ಪ್ಲೇಆಫ್‌ನ, ಅಂದರೆ ಲೀಗ್ ಪಂದ್ಯಗಳ ನಂತರದ ನಾಕೌಟ್ ಹಂತದ, ಮೊದಲ ಸುತ್ತಲ್ಲೇ ಸ್ಯಾನ್ ಆಂಟೋನಿಯೊಗೆ 4-1ರಿಂದ ಸೋತಿತು. ಹಾಸ್ಟೆಲ್‌ನಲ್ಲಿ ಎಲ್ಲರೂ ಶಾಕ್ ಅವರನ್ನೇ ದೂರಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸೀಸನ್ ನಡುವೆ ಬಂದವರಿಗೆ ಒಟ್ಟಿಗೆ ಅಭ್ಯಾಸ ಮಾಡಲು ಸಮಯ ಎಲ್ಲಿತ್ತು? ನಮಗೇ ಒಂದು ವರ್ಷ ಬೇಕಾಯಿತು, ಅಲ್ವಾ?

ಕೊನೆಯ ವರ್ಷದ ಸೆಮಿಫೈನಲ್. ಒಂದು ಪಾಯಿಂಟ್ ಹಿಂದಿದ್ದೆವು, ಉಳಿದದ್ದು ಕೆಲವೇ ಸೆಕೆಂಡ್. ಲಂಬು ರಿಬೌಂಡ್ ಕಿತ್ತು ನನಗೆ ಎಸೆದ. ಓಡಿದೆ. ಇಬ್ಬರು ಅಡ್ಡ ನಿಂತರು. ನುಗ್ಗಬೇಕು ಅನ್ನಿಸಿತು, ನುಗ್ಗಲಿಲ್ಲ. ಹಿಂದೆ ಅವನ ಶೂ ಸಿಮೆಂಟಿಗೆ ಬಡಿಯುವ ಸದ್ದು ಕೇಳಿತು. ತಿರುಗದೆ ಬಾಲನ್ನು ಹಿಂದಕ್ಕೆ ಬಿಟ್ಟೆ. ಅವನು ಎರಡೇ ಹೆಜ್ಜೆ ಇಟ್ಟು ಬೋರ್ಡಿಗೆ ತಾಗಿಸಿ ಹಾಕಿದ.

ಸೋಮವಾರ ಸಂಜೆ ಅಭ್ಯಾಸಕ್ಕೆ ಹೋದಾಗ ಸರ್ ವೃತ್ತ ಬರೆದಿರಲಿಲ್ಲ. ನಾನು ಅದೇ ಜಾಗದಲ್ಲಿ ಹೋಗಿ ನಿಂತೆ.