ಬೆಂಕಿ ನಮ್ಮೂರಲ್ಲಿ, ನೀರು ಪಕ್ಕದೂರಿಂದ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕೀನ್ ಪಟ್ಟಣದ ಹತ್ತಿರ ನಾನೀಗ ಇರುವ ಹಳ್ಳಿ. ಅಮೆರಿಕ ಅಂದ್ರೆ ಬೀದಿಗೊಂದು ಹೈಡ್ರಂಟ್, ಅಂದರೆ ಬೆಂಕಿ ಆರಿಸಲು ಪೈಪ್ ಜೋಡಿಸುವ ದೊಡ್ಡ ನಲ್ಲಿ, ಇರುತ್ತದೆ ಅಂತ ನಮ್ಮ ನಾಡಿನಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಇಲ್ಲಿ ಒಂದೂ ಇಲ್ಲ. ಮನೆಮನೆಗೂ ಬೋರ್‌ವೆಲ್. ಮನೆಗಳೆಲ್ಲ ಮರದವು. ಹೊತ್ತಿಕೊಂಡರೆ ನೀರಿಗೆ ಏನು ಮಾಡುತ್ತಾರೆ ಅನ್ನುವುದನ್ನು ಕಳೆದ ಚಳಿಗಾಲದಲ್ಲಿ ಕಣ್ಣಾರೆ ನೋಡಿದೆ.

ನಮ್ಮ ರಸ್ತೆಯ ಕೊನೆಯ ಮನೆಗೆ ರಾತ್ರಿ ಬೆಂಕಿ ಬಿತ್ತು. ಮನೆಯವರೆಲ್ಲ ಹೊರಗೆ ಬಂದಿದ್ದರು, ಸದ್ಯ ಯಾರಿಗೂ ಏನೂ ಆಗಲಿಲ್ಲ. ಮೊದಲು ಬಂದದ್ದು ನಮ್ಮೂರಿನ ಫೈರ್ ಇಂಜಿನ್. ಅದರಲ್ಲಿದ್ದದ್ದು ಸಾವಿರ ಗ್ಯಾಲನ್ ನೀರು, ಅಂದರೆ ಸುಮಾರು 3,800 ಲೀಟರ್. ಒಂದು ಪೈಪ್ ಪೂರ್ತಿ ಬಿಟ್ಟರೂ ಐದಾರು ನಿಮಿಷಕ್ಕೆ ಖಾಲಿ.

ಅಷ್ಟರಲ್ಲಿ ಪಕ್ಕದೂರಿನ ಟ್ಯಾಂಕರ್ ಬಂತು. ಅದರ ಹಿಂದೆ ಇನ್ನೊಂದು ಊರಿನದು. ಮಡಚಿಟ್ಟ ಕಬ್ಬಿಣದ ಚೌಕಟ್ಟನ್ನು ರಸ್ತೆ ಮೇಲೇ ಬಿಡಿಸಿ, ಟಾರ್ಪಾಲಿನಂಥ ದಪ್ಪ ಹೊದಿಕೆಯ ತೊಟ್ಟಿ ನಿಲ್ಲಿಸಿದರು. ಟ್ಯಾಂಕರ್ ಅದಕ್ಕೆ ಬೆನ್ನು ಕೊಟ್ಟು ನಿಂತು ಬಾಗಿಲು ತೆಗೆದರೆ ನೀರು ಭೋರೆಂದು ಸುರಿಯುತ್ತದೆ. ಖಾಲಿಯಾದದ್ದೇ ತಡ, ಅದು ಮತ್ತೆ ತುಂಬಿಸಿಕೊಳ್ಳಲು ಹೊರಡುತ್ತದೆ, ಇನ್ನೊಂದು ಬಂದು ನಿಲ್ಲುತ್ತದೆ. ಇಂಜಿನ್ ಆ ತೊಟ್ಟಿಯಿಂದ ಎಳೆದು ಬೆಂಕಿಗೆ ಬಿಡುತ್ತಲೇ ಇರುತ್ತದೆ. ಚೆಲ್ಲಿದ ನೀರು ಕಾಲಡಿಯಲ್ಲೇ ಮಂಜುಗಡ್ಡೆಯಾಗುತ್ತಿತ್ತು. ಒಬ್ಬರು ಮರಳು ಎರಚುತ್ತಾ ಓಡಾಡುತ್ತಿದ್ದರು.

ತುಂಬಿಸಿಕೊಳ್ಳುತ್ತಿದ್ದದ್ದು ಹೆಪ್ಪುಗಟ್ಟಿದ ಕೆರೆಯಲ್ಲಿ. ಮರುದಿನ ಹೋಗಿ ನೋಡಿದೆ. ಮರ ಕೊಯ್ಯುವ ಮೋಟಾರ್ ಗರಗಸದಿಂದ ಚೌಕವಾಗಿ ಕಿಂಡಿ ಕೊರೆದಿದ್ದರು. ಪಕ್ಕದಲ್ಲಿ ಎಳೆದು ಹಾಕಿದ ಚಪ್ಪಡಿಯಂಥ ಮಂಜುಗಡ್ಡೆಗಳು. ಆ ಚಳಿಯಲ್ಲಿ, ಆ ಕತ್ತಲಲ್ಲಿ ಅಲ್ಲಿ ನಿಂತವರು ನಮ್ಮೂರಿನವರೇ ಅಲ್ಲ!

ಬಂದವರಲ್ಲಿ ಹೆಚ್ಚಿನವರಿಗೆ ಇದು ಪೂರ್ಣಾವಧಿ ಕೆಲಸವೂ ಅಲ್ಲ. ಬಡಗಿ, ಸ್ಕೂಲ್ ಬಸ್ ಡ್ರೈವರ್, ಅಂಗಡಿಯವರು. ಪೇಜರ್ ಕೂಗಿದರೆ ಹಾಸಿಗೆಯಿಂದ ಎದ್ದು ಬರುತ್ತಾರೆ. ಈ ದೇಶದ ಅಗ್ನಿಶಾಮಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸ್ವಯಂಸೇವಕರು.

ಯಾರೂ ಯಾರನ್ನೂ ಫೋನ್ ಮಾಡಿ ಕೇಳಿಕೊಳ್ಳಬೇಕಿಲ್ಲ. ಕೀನ್‌ನಲ್ಲಿ ಸುತ್ತಲಿನ ಊರುಗಳಿಗೆಲ್ಲ ಸೇರಿ ಒಂದು ಕಂಟ್ರೋಲ್ ರೂಮ್ ಇದೆ. ಪಕ್ಕದ ವರ್ಮಾಂಟ್ ರಾಜ್ಯದ ಕೆಲವು ಊರುಗಳೂ ಅದರಲ್ಲಿವೆ. ಎಲ್ಲಿ ಬೆಂಕಿ ಬಿದ್ದರೆ ಯಾವ ಊರಿನ ಟ್ಯಾಂಕರ್ ಹೋಗಬೇಕು, ಜಾಸ್ತಿಯಾದರೆ ಮತ್ತೆ ಯಾರು, ಎಲ್ಲಾ ಮೊದಲೇ ಬರೆದಿಟ್ಟಿದ್ದಾರೆ. ಬೆಂಕಿ ಬಿದ್ದಾಗ ಬಾವಿ ತೋಡುವ ಮಾತೇ ಇಲ್ಲ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ನಮ್ಮ ಇಂಜಿನ್ ಹೊರಟು ಸ್ಟೇಷನ್ ಖಾಲಿಯಾದರೆ, ಬೇರೆ ಊರಿನ ಇಂಜಿನ್ ಬಂದು ಅಲ್ಲಿ ನಿಲ್ಲುತ್ತದೆ, ಅದೇ ಹೊತ್ತಿಗೆ ಇನ್ನೆಲ್ಲೋ ಬೆಂಕಿ ಬಿದ್ದರೆ ಅಂತ.

ಬೇರೆ ಊರಿನವರು ಬಂದರಷ್ಟೇ ಸಾಲದು, ಪೈಪ್‌ಗಳೂ ಹೊಂದಬೇಕು. 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ನಗರ ಹೊತ್ತಿ ಉರಿಯಿತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ನಿಂದ ಇಂಜಿನ್‌ಗಳು ಬಂದವು. ಆದರೆ ಎಷ್ಟೋ ಪೈಪ್‌ಗಳ ತಿರುಪು ಅಲ್ಲಿನ ಹೈಡ್ರಂಟ್‌ಗೆ ಕೂರಲೇ ಇಲ್ಲ. 1,500ಕ್ಕೂ ಹೆಚ್ಚು ಕಟ್ಟಡ ಸುಟ್ಟುಹೋದವು. ದೇಶಕ್ಕೆಲ್ಲ ಒಂದೇ ಅಳತೆಯ ತಿರುಪು ಇರಬೇಕು ಅನ್ನುವ ಮಾತಿಗೆ ಬಲ ಬಂದದ್ದು ಆಮೇಲೆ.

ನಮ್ಮ ನಾಡಿನಲ್ಲೂ ಬಣವೆಗೆ ಬೆಂಕಿ ಬಿದ್ದರೆ ಸುತ್ತಲೂರಿನವರು ಕೊಡ ಹಿಡಿದು ಓಡಿ ಬರುತ್ತಾರೆ, ಅಲ್ವಾ? ಬೇಸಿಗೆಯಲ್ಲಿ ನೀರು ಮಾರುವ ಟ್ರ್ಯಾಕ್ಟರ್ ಟ್ಯಾಂಕರ್‌ಗಳೂ ಬೇಕಾದಷ್ಟಿವೆ. ತಾಲ್ಲೂಕು ಕೇಂದ್ರದಿಂದ ಫೈರ್ ಇಂಜಿನ್ ಬರುವವರೆಗೆ ಯಾರ ಟ್ಯಾಂಕರ್ ಮೊದಲು ಹೊರಡಬೇಕು, ಯಾವ ಕೆರೆಯಲ್ಲಿ ತುಂಬಿಸಬೇಕು, ಡ್ರೈವರ್ ನಂಬರ್ ಏನು ಅನ್ನುವ ಒಂದು ಹಾಳೆ ಪ್ರತಿ ಪಂಚಾಯ್ತಿಯ ಗೋಡೆ ಮೇಲೂ ಇರಲಿ. ಈ ಸಲ ಊರಿಗೆ ಬಂದಾಗ ನಮ್ಮ ಪಂಚಾಯ್ತಿಯವರ ಹತ್ತಿರ ಇದನ್ನೇ ಮಾತಾಡಬೇಕು ಅಂತಿದ್ದೇನೆ.