ಕೆಡವಿದ ಗೆಸ್ಟ್‌ಹೌಸಿನಲ್ಲಿ ತಂಗಿದ ಅತಿಥಿಗಳು

ಕೊಪ್ಪಳದ ಒಂದು ಕಚೇರಿಯಲ್ಲಿ ನಾನು ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್ ಆಗಿದ್ದಾಗ, ಜಿಲ್ಲೆಯ ಲಾಡ್ಜ್, ಹೋಂಸ್ಟೇ, ಗೆಸ್ಟ್‌ಹೌಸ್‌ಗಳಲ್ಲಿ ಆ ತಿಂಗಳು ಎಷ್ಟು ಅತಿಥಿಗಳು ತಂಗಿದ್ದರು ಎಂಬ ಲೆಕ್ಕದ ಪ್ರೊಫಾರ್ಮಾಗಳನ್ನು ತರಿಸಿ, ಕ್ರೋಡೀಕರಿಸಿ, ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಬೆಂಗಳೂರಿಗೆ ಮೇಲ್ ಮಾಡುವುದು ನನ್ನ ಪಾಲಿನ ಕೆಲಸವಾಗಿತ್ತು. ‘ತರಿಸಿ’ ಎಂದು ಬರೆಯುವುದು ಸುಲಭ. ಪಟ್ಟಿಯಲ್ಲಿದ್ದವರಲ್ಲಿ ಅರ್ಧದಷ್ಟು ಜನರೂ ತಾವಾಗಿ ಕಳುಹಿಸುತ್ತಿರಲಿಲ್ಲ. ಫೋನ್ ಹಚ್ಚಿದರೆ, “ಹೋದ ತಿಂಗಳದ್ದ ಹಾಕ್ಕೊಳ್ರಿ ಸರ, ಎಲ್ಲಾ ಅಷ್ಟ ಐತಿ” ಎನ್ನುತ್ತಿದ್ದರು. ಈ ಮಾತನ್ನು ಕೇಳಿ ಕೇಳಿ ಬೇಸತ್ತು, 2019ರ ಕೊನೆಯಲ್ಲಿ ನಾನೇ ಶೀಟಿಗೆ ಒಂದು ಇಫ್ ಫಾರ್ಮುಲಾ ಬರೆದೆ: ಈ ತಿಂಗಳ ಕಾಲಂ ಖಾಲಿ ಇದ್ದರೆ ಹಿಂದಿನ ತಿಂಗಳ ಅಂಕಿಯನ್ನು ಅದೇ ಎತ್ತಿಕೊಳ್ಳಬೇಕು. ಅಂದಿನಿಂದ ನಮ್ಮ ವರದಿಯಲ್ಲಿ ‘ಪೆಂಡಿಂಗ್’ ಎಂಬ ಪದವೇ ಇಲ್ಲವಾಯಿತು. ಮೇಲಿನವರು ಶಹಬ್ಬಾಸ್ ಎಂದರು. ನನಗೂ ಹೆಮ್ಮೆಯೇ ಆಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

2020ರ ಫೆಬ್ರುವರಿಯಲ್ಲಿ, ಹಂಪಿಯ ಎದುರಿಗೆ ತುಂಗಭದ್ರೆಯ ನಡುವಿರುವ ನಡುಗಡ್ಡೆಯಾದ ವಿರೂಪಾಪುರ ಗಡ್ಡಿಯ ಕಟ್ಟಡಗಳ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮಾರ್ಚ್ ಮೊದಲ ವಾರದಲ್ಲಿ ಜೆಸಿಬಿಗಳು ಗಡ್ಡಿಗೆ ಇಳಿದವು. ಆ ದಿನ ನಾನು ಸಾಣಾಪುರದ ಕಡೆಯಿಂದ ಅಲ್ಲಿಗೆ ಹೋಗಿದ್ದೆ. ಪ್ರತಿ ತಿಂಗಳೂ ನನ್ನೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದ ಮಾಲೀಕರೊಬ್ಬರು ಹಾಸಿಗೆಗಳನ್ನೂ ತಗಡುಗಳನ್ನೂ ಗೆಸ್ಟ್ ರಿಜಿಸ್ಟರನ್ನೂ ಟ್ರ್ಯಾಕ್ಟರಿಗೆ ಹೇರಿಸುತ್ತಿದ್ದರು. ನನ್ನನ್ನು ನೋಡಿದರೂ ಮಾತನಾಡಲಿಲ್ಲ. ಅದೇ ತಿಂಗಳ 13ರಿಂದ ವಿದೇಶಿಯರ ಪ್ರವಾಸಿ ವೀಸಾಗಳು ಅಮಾನತಾದವು, 17ರಿಂದ ಪುರಾತತ್ವ ಇಲಾಖೆ ಹಂಪಿ ಸೇರಿದಂತೆ ಎಲ್ಲ ಸಂರಕ್ಷಿತ ಸ್ಮಾರಕಗಳನ್ನು ಮುಚ್ಚಿತು, 25ರಿಂದ ದೇಶಕ್ಕೆ ದೇಶವೇ ಲಾಕ್‌ಡೌನ್ ಆಯಿತು. ಇವೆಲ್ಲ ಗೊತ್ತಿದ್ದೂ ಏಪ್ರಿಲ್ 5ರಂದು ಮನೆಯಲ್ಲಿ ಕುಳಿತು, ಬಂದಷ್ಟು ಪ್ರೊಫಾರ್ಮಾಗಳನ್ನು ತುಂಬಿ, ಟೋಟಲ್ ಟ್ಯಾಲಿ ಆಗಿದೆಯೇ ಎಂದಷ್ಟೇ ನೋಡಿ, ನಾನು ವರದಿ ಕಳುಹಿಸಿಬಿಟ್ಟೆ.

ಮೇ ತಿಂಗಳ ವಿಡಿಯೊ ಕಾನ್ಫರೆನ್ಸಿನಲ್ಲಿ (ವಿಸಿ) ಬೆಂಗಳೂರಿನ ಅಧಿಕಾರಿಯೊಬ್ಬರು ನನ್ನ ಶೀಟನ್ನು ಪರದೆಗೆ ಹಾಕಿದರು. ಗಂಗಾವತಿಯ ಲಾಡ್ಜ್‌ಗಳ ಮಾರ್ಚ್ ಅಂಕಿ ಅರ್ಧಕ್ಕಿಂತ ಕೆಳಗಿಳಿದಿತ್ತು, ಕೊಪ್ಪಳದ್ದೂ ಇಳಿದಿತ್ತು, ಗಡ್ಡಿಯ ಸಾಲುಗಳು ಮಾತ್ರ ಫೆಬ್ರುವರಿಯಷ್ಟೇ ದಟ್ಟವಾಗಿದ್ದವು. “ಇವರು ಎಲ್ಲಿ ಮಲಗಿದ್ದರು?” ಎಂದು ಅವರು ಬಹಳ ಮೆಲ್ಲಗೆ ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಗಡ್ಡಿಯಲ್ಲಿ ಸರ್” ಎಂದುಬಿಟ್ಟೆ. ಯಾರೋ ನಕ್ಕಿದ್ದು ಕೇಳಿಸಿತು, ಆ ಕೂಡಲೇ ನಕ್ಕವರು ಮೈಕ್ ಮ್ಯೂಟ್ ಮಾಡಿಕೊಂಡರು. ಅನಂತರದ ಎರಡು ಮೂರು ನಿಮಿಷಗಳಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಆ ಟ್ರ್ಯಾಕ್ಟರ್. ಕಟ್ಟಡ ಬೀಳುವುದನ್ನು ಕಣ್ಣಾರೆ ನೋಡಿದ್ದವನು ನನ್ನ ಫಾರ್ಮುಲಾದ ಮೂಲಕ ಅದೇ ಕಟ್ಟಡದಲ್ಲಿ ಜನರನ್ನು ಮಲಗಿಸಿದ್ದೆ, ಅವರಲ್ಲಿ ವಿದೇಶಿಯರೂ ಇದ್ದರು. ತಂಗಿದ ವಿದೇಶಿಯರ ವಿವರವನ್ನು ಲಾಡ್ಜ್‌ನವರು ಸಲ್ಲಿಸುವ ಸಿ-ಫಾರಂಗಳ ಜೊತೆ ಒಮ್ಮೆ ಹೋಲಿಸಿದ್ದರೂ ಸಿಕ್ಕಿಬೀಳುತ್ತಿದ್ದ ತಪ್ಪು ಅದು. ಆದರೆ ಸಿ-ಫಾರಂ ಹೋಗುವುದು ಬೇರೆ ಇಲಾಖೆಗೆ, ಕೇಳಿದರೆ ಪತ್ರ ಬರೆಯಿರಿ ಎನ್ನುತ್ತಾರೆ. ಫಾರ್ಮುಲಾ ನನ್ನದೇ ಎಂದು ಒಪ್ಪಿಕೊಂಡೆ. ಅದನ್ನು ಮೆಚ್ಚಿದ್ದವರು ಆ ವಿಸಿಯಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಕುಳಿತಿದ್ದರು.

ಅವಮಾನದಲ್ಲಿ ಮಾಡಿದ ತಿದ್ದುಪಡಿ ಇನ್ನೂ ಕೆಟ್ಟದ್ದಾಗಿತ್ತು. ಅಂದೇ ರಾತ್ರಿ ಫಾರ್ಮುಲಾ ತೆಗೆದು, ಖಾಲಿ ಇದ್ದಲ್ಲೆಲ್ಲ ಸೊನ್ನೆ ಬರುವಂತೆ ಮಾಡಿದೆ. ಮೇ ತಿಂಗಳ ಲೆಕ್ಕದಲ್ಲಿ ಗಂಗಾವತಿಯ ಒಂದು ದೊಡ್ಡ ಲಾಡ್ಜಿಗೂ ಸೊನ್ನೆ ಬಿತ್ತು. ಕೆಲವು ವಾರಗಳ ನಂತರ ಅಲ್ಲಿನ ಮ್ಯಾನೇಜರ್ ಬೇರೆ ಯಾವುದೋ ಕಾರಣಕ್ಕೆ ಫೋನ್ ಮಾಡಿದಾಗ ಮಾತಿಗೆ ಮಾತು ಬಂದು, “ಸೊನ್ನಿ ಯಾಕ್ರಿ ಸರ? ಕ್ವಾರಂಟೈನ್ ಮಂದಿ ಇದ್ರಲ್ಲ, ರೂಮೆಲ್ಲಾ ಫುಲ್ ಇದ್ವು” ಎಂದರು. ಅಲ್ಲಿದ್ದವರು ಪ್ರವಾಸಿಗರಲ್ಲ ಎಂಬುದು ಸರಿಯೇ. ಆದರೆ ಕೋಣೆಗಳು ಖಾಲಿ ಇರಲಿಲ್ಲ ಎಂಬುದೂ ಅಷ್ಟೇ ಸರಿ. ಅತಿಥಿಗಳ ಕಾಲಂ ಮತ್ತು ಆಕ್ಯುಪೆನ್ಸಿಯ, ಅಂದರೆ ಶೇಕಡಾ ಎಷ್ಟು ಕೋಣೆಗಳು ಭರ್ತಿಯಾಗಿವೆ ಎಂಬ ಕಾಲಂ ಎರಡಕ್ಕೂ ಒಂದೇ ಸೊನ್ನೆಯನ್ನು ಹಂಚಿದ್ದು ನನ್ನ ಅಜ್ಞಾನ. ಉತ್ತರ ಬಂದಿಲ್ಲ, ಉತ್ತರ ಸೊನ್ನೆ ಎಂದು ಬಂದಿದೆ, ಸಂಸ್ಥೆಯೇ ಮುಚ್ಚಿದೆ, ಇವು ಮೂರೂ ಬೇರೆ ಬೇರೆ ಸಂಗತಿಗಳೆಂದು ತಿಳಿಯಲು ನನಗೆ ಎರಡು ಮಂಗಳಾರತಿಗಳು ಬೇಕಾದವು.

ಅದೇ ಮ್ಯಾನೇಜರ್ ಮುಂದೊಮ್ಮೆ ಇನ್ನೊಂದು ಗುಟ್ಟು ಬಿಟ್ಟುಕೊಟ್ಟರು. ಗಂಗಾವತಿಗೆ ಅಕ್ಕಿ ಖರೀದಿಗೆ ಬಂದು ನಾಲ್ಕು ದಿನ ತಂಗುವ ವ್ಯಾಪಾರಿಗಳನ್ನು ಅವರು ಪ್ರೊಫಾರ್ಮಾದಲ್ಲಿ ತೋರಿಸುತ್ತಲೇ ಇರಲಿಲ್ಲವಂತೆ, ಏಕೆಂದರೆ “ಅವರು ದಂಧೆಕ್ಕ ಬಂದೋರು, ಪ್ರವಾಸಿಗರಲ್ಲ.” ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ ವ್ಯವಹಾರಕ್ಕೆಂದು ತನ್ನ ಊರು ಬಿಟ್ಟು ಬಂದು ರಾತ್ರಿ ತಂಗಿದವನೂ ಪ್ರವಾಸಿಗನೇ. ಇದಕ್ಕೆ ಎದುರಾಗಿ, ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಅಂಜನಾದ್ರಿ ಬೆಟ್ಟಕ್ಕೆ ಬಂದವರು ಸ್ನಾನಕ್ಕೆಂದು ಎರಡು ತಾಸು ಕೋಣೆ ಹಿಡಿದರೆ, ಆ ಹೆಸರುಗಳೆಲ್ಲ ಅತಿಥಿಗಳಾಗಿ ದಾಖಲಾಗುತ್ತಿದ್ದವು. ಒಂದೇ ಕೋಣೆ ದಿನಕ್ಕೆ ಮೂರು ಬಾರಿ ಮಾರಾಟವಾಗಿ ಆಕ್ಯುಪೆನ್ಸಿ ನೂರು ದಾಟಿದಾಗ, ಸಾಫ್ಟ್‌ವೇರ್ ಸ್ವೀಕರಿಸುವುದಿಲ್ಲವೆಂದು ನಾನು ಅದನ್ನು 100ಕ್ಕೆ ಕತ್ತರಿಸುತ್ತಿದ್ದೆ. ಏಕೆ ದಾಟಿತು ಎಂದು ಒಮ್ಮೆಯೂ ಕೇಳಿರಲಿಲ್ಲ. ತೆರಿಗೆಯವರು ನೋಡಿಯಾರೆಂದು ಕೋಣೆಗಳನ್ನು ಕಡಿಮೆ ತೋರಿಸುವವರ ಸಂಗತಿಯಂತೂ ಎಲ್ಲರಿಗೂ ಗೊತ್ತಿದ್ದದ್ದೇ.

ಈಗ ಯಾರಾದರೂ ಬಳ್ಳಾರಿ ಜಿಲ್ಲೆಗೆ ಪ್ರವಾಸಿಗರು ಬರುವುದು ಕಡಿಮೆಯಾಗಿದೆ ಎಂದರೆ, 2021ರಲ್ಲಿ ಹೊಸಪೇಟೆಯೂ ಹಂಪಿಯೂ ವಿಜಯನಗರ ಜಿಲ್ಲೆಗೆ ಸೇರಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ ಎಂದು ಮೊದಲು ಕೇಳುತ್ತೇನೆ. ಕೊಪ್ಪಳ ಜಿಲ್ಲೆಯ ಆನೆಗೊಂದಿ ನೋಡಿ ಹೊಸಪೇಟೆಯಲ್ಲಿ ಮಲಗುವವನು ಯಾವ ಜಿಲ್ಲೆಯವನು ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ.

ಕೆಲಸ ಬಿಡುವ ಮೊದಲು ಶೀಟಿಗೆ ‘ಉತ್ತರ ಬಂದಿಲ್ಲ’ ಎಂಬ ಒಂದು ಕಾಲಂ ಸೇರಿಸಿದ್ದೆ. ಕಾಲಂ ತುಂಬಾ ಉದ್ದವಾಗಿ ಕಾಣುತ್ತದೆ, ಕಚೇರಿಗೆ ಕೆಟ್ಟ ಹೆಸರು ಎಂದು ಮೇಲಿನವರು ಅದನ್ನು ಹೈಡ್ ಮಾಡಿಸಿದರು. ಡಿಲೀಟ್ ಮಾಡಿಸಲಿಲ್ಲ ಎಂಬುದೇ ಸಮಾಧಾನ. 2020ರ ಮಾರ್ಚ್ ಶೀಟನ್ನು ತಿದ್ದಿ ಮತ್ತೆ ಕಳುಹಿಸಿದ್ದೆ. ಆದರೆ ಒಮ್ಮೆ ಸ್ವೀಕೃತವಾದ ತಿಂಗಳನ್ನು ಮತ್ತೆ ತೆರೆಯುವ ಅವಕಾಶ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲವಾದ್ದರಿಂದ, ನಮ್ಮ ಕಚೇರಿಯ ಆ ವರ್ಷದ ಮೊತ್ತದಲ್ಲಿ ಗಡ್ಡಿಯ ಅತಿಥಿಗಳು ಹಾಗೆಯೇ ಉಳಿದುಕೊಂಡಿದ್ದಾರೆ.