ಕಥೆಯನ್ನು ಎಲ್ಲಿ ನಿಲ್ಲಿಸಬೇಕು? ಅಂಗನವಾಡಿ ಮತ್ತು ನಲಿ-ಕಲಿ (ಸರ್ಕಾರಿ ಶಾಲೆಯ ಆರಂಭದ ತರಗತಿ) ಮಕ್ಕಳ ಜೊತೆಗಿನ ಕೆಲಸದಿಂದ

ಕಥೆ ಮುಗಿದ ಕೂಡಲೇ “ಇದರಿಂದ ಏನು ಕಲಿತ್ರಿ?” ಎಂದು ಕೇಳಿ ನೋಡಿ. “ಹೊಡೀಬಾರದು ಟೀಚರ್” ಎಂದು ಇಡೀ ಕೋಣೆ ಒಂದೇ ರಾಗದಲ್ಲಿ ಕೂಗುತ್ತದೆ. ಐದು ನಿಮಿಷಕ್ಕೆ ಅದೇ ಮಕ್ಕಳು ಬ್ಲಾಕಿನ ಡಬ್ಬಿಗಾಗಿ ಹೊಡೆದಾಡುತ್ತಿರುತ್ತಾರೆ. ಹೊಡೆಯಬಾರದು ಅನ್ನೋದು ಅವರಿಗೆ ಮೊದಲೇ ಗೊತ್ತು. ಸಿಟ್ಟು ಬಂದ ಹೊತ್ತಿಗೆ ಬಾಯಿಗೊಂದು ಮಾತು, ಕೈಗೊಂದು ಬೇರೆ ಕೆಲಸ ಬೇಕು. ಅದನ್ನು ಕೊಡೋ ಜಾಗ ಕಥೆಯ ನಡುವೆ ಇದೆ.

ಕಥೆಯನ್ನು ನಾವೇ ಕಟ್ಟಿಕೊಳ್ಳುವುದು ಒಳ್ಳೆಯದು. ಇಬ್ಬರು ಮಕ್ಕಳು, ಒಂದು ವಸ್ತು, ಒಂದು ಭಾವನೆ, 12–15 ವಾಕ್ಯ. 3–4 ವರ್ಷದವರಿಗೆ 5–6 ನಿಮಿಷ, 5–6 ವರ್ಷದವರಿಗೆ 10 ನಿಮಿಷ ದಾಟಬಾರದು. ಉದಾಹರಣೆಗೆ: ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಿಂದ ರೇಣುಕಾ ಒಂದು ಪೀಪಿ ತಂದಿದ್ದಾಳೆ. ತಮ್ಮ ಕೇಳದೇ ತಗೊಂಡು ಊದುತ್ತಾನೆ, ಅದು ಕೈಜಾರಿ ಬಿದ್ದು ಮುರಿಯುತ್ತದೆ. ರೇಣುಕಾ ಕೈ ಎತ್ತುತ್ತಾಳೆ. ಕಥೆಗೆ ಇಷ್ಟು ಸಾಕು. ಪಾತ್ರದ ಹೆಸರು ನಿಮ್ಮ ಕೇಂದ್ರದ ಯಾವ ಮಗುವಿನದ್ದೂ ಆಗಿರಬಾರದು. ನಿನ್ನೆ ನಡೆದ ಜಗಳವನ್ನೇ ಇವತ್ತು ಕಥೆ ಮಾಡಿದರೆ ಎಲ್ಲರ ಕಣ್ಣೂ ಆ ಒಂದು ಮಗುವಿನ ಮೇಲೆ ಬೀಳುತ್ತದೆ. ಎರಡು ಮೂರು ದಿನ ಬಿಡಿ, ವಸ್ತುವನ್ನೂ ಬದಲಿಸಿ.

ನರಿ, ಮೊಲ ಇದ್ದರೇನೇ ಮಕ್ಕಳ ಕಥೆ ಎಂಬ ಅಭ್ಯಾಸ ನಮಗಿದೆ. ಕೆನಡಾದ ಟೊರಾಂಟೊದಲ್ಲಿ 4–6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಕಥೆಯೊಂದನ್ನು ಎರಡು ಬಗೆಯಲ್ಲಿ ಓದಿ ಪರೀಕ್ಷಿಸಿದ್ದಾರೆ. ಪಾತ್ರಗಳು ಮನುಷ್ಯರಾಗಿದ್ದಾಗ ಮಕ್ಕಳು ತಮ್ಮ ಸ್ಟಿಕರ್‌ಗಳನ್ನು ಮೊದಲಿಗಿಂತ ಹೆಚ್ಚು ಹಂಚಿದರು, ಪ್ರಾಣಿಗಳಾಗಿದ್ದಾಗ ಹಾಗಾಗಲಿಲ್ಲ. ನಗಿಸಲಿಕ್ಕೆ ನರಿ ಇರಲಿ, ನಡತೆಯ ವಿಷಯಕ್ಕೆ ಪಕ್ಕದ ಓಣಿಯ ಹುಡುಗಿಯೇ ಸರಿ. ಹೆದರಿಸುವ ಕೊನೆಯದ್ದೂ ಇದೇ ಹಣೆಬರಹ. 2014ರಲ್ಲಿ ಅದೇ ಊರಿನ ವಿಶ್ವವಿದ್ಯಾಲಯದ ಕಾಂಗ್ ಲೀ ಮತ್ತು ತಂಡ 3–7 ವರ್ಷದವರಿಗೆ ‘ತೋಳ ಬಂತು ತೋಳ’ ಓದಿ ಹೇಳಿ ನೋಡಿತು. ಸುಳ್ಳು ಹೇಳುವುದು ಕಡಿಮೆಯಾಗಲಿಲ್ಲ. ನಿಜ ಒಪ್ಪಿಕೊಂಡ ಹುಡುಗನನ್ನು ಅಪ್ಪ ಮೆಚ್ಚಿಕೊಳ್ಳುವ ಕಥೆ ಕೇಳಿದವರಲ್ಲಿ ಕಡಿಮೆಯಾಯಿತು. ಹಾಗಾಗಿ ರೇಣುಕಾಳಿಗೆ ಏಟು ಬೀಳುವ ಕೊನೆ ಬೇಡ.

ಕೂರಿಸುವಾಗ 10–12 ಮಕ್ಕಳ ಅರ್ಧವೃತ್ತ. ಉಳಿದವರು ಸಹಾಯಕಿಯ ಜೊತೆ ಆಡಲಿ. ನೀವೂ ನೆಲದ ಮೇಲೆ ಕೂತುಕೊಳ್ಳಿ, ಬಾಗಿಲಿಗೆ ಬೆನ್ನು ಮಾಡಬೇಡಿ. ನಮ್ಮ ಕಡೆಯ ಬಿಸಿಲಿನಲ್ಲಿ ಬಾಗಿಲ ಬೆಳಕು ಹಿಂದಿನಿಂದ ಬಂದರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ಮಕ್ಕಳು ಓದಬೇಕಾದದ್ದು ಅದನ್ನೇ.

ಮೊದಲ ದಿನ ಎಲ್ಲೂ ನಿಲ್ಲಿಸದೇ ಹೇಳಿ. ಎರಡನೇ ದಿನ ಎರಡೇ ಕಡೆ ನಿಲ್ಲಿಸಿ. ಪೀಪಿ ಮುರಿದಾಗ: “ಈಗ ಆಕಿ ಮುಖ ಹ್ಯಾಂಗ ಆಗಿರ್ತದ? ಮಾಡಿ ತೋರ್ಸು.” ಕೈ ಎತ್ತಿದಾಗ: “ಈಗ ಏನೇನ್ ಮಾಡ್ಬೋದು?” ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಈ ಐದೇ ಕಷ್ಟ. ನಮ್ಮ ನಾಲಿಗೆಗೆ ಮೌನ ತಡೆಯುವುದಿಲ್ಲ, ಉತ್ತರ ನಾವೇ ಹೇಳಿಬಿಡುತ್ತೇವೆ. “ಹೊಡೆಯೋದು ತಪ್ಪಲ್ಲಾ?” ಎಂದು ಕೇಳಿದರೆ ಮತ್ತೆ ಅದೇ ಒಕ್ಕೊರಲು. ಒಕ್ಕೊರಲು ಶುರುವಾದರೆ ಪಕ್ಕದವರ ಕಿವಿಯಲ್ಲಿ ಹೇಳಲು ಬಿಟ್ಟು, ಆಮೇಲೆ ಮೂರು ಮಕ್ಕಳನ್ನು ಹೆಸರು ಹಿಡಿದು ಕೇಳಿ. ಮನೆಯಲ್ಲಿ ಉರ್ದು, ಲಂಬಾಣಿ ಆಡುವ ಮಗು, ಬೀದರ್ ಕಡೆ ಮರಾಠಿ, ತೆಲುಗು ಆಡುವ ಮಗು ತನ್ನ ಮಾತಲ್ಲೇ ಹೇಳಲಿ, ತಿದ್ದಬೇಡಿ.

ಯಾರಾದರೂ “ಹೊಡೀತಾಳ” ಅಂದೇ ಅನ್ನುತ್ತಾರೆ. ಗದರಿದರೆ ಮುಂದಿನ ಸಲ ನಿಮಗೆ ಇಷ್ಟವಾಗುವ ಉತ್ತರ ಬರುತ್ತದೆ, ನಿಜವಾದದ್ದಲ್ಲ. “ಹೊಡೆದ್ಲು ಅನ್ಕೋ, ಆಮ್ಯಾಲೆ?” ಎಂದು ಮುಂದಕ್ಕೆ ಒಯ್ಯಿರಿ.

ಕಥೆಯೊಳಗೆ ಒಂದು ವಾಕ್ಯ ಮೂರು ಸಲ ಬರಬೇಕು: “ತಡಿ, ನನಗ ಸಿಟ್ಟು ಬಂದದ.” ಪ್ರತಿ ಸಲವೂ ರೇಣುಕಾ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೇಳಲಿ, ಮಕ್ಕಳೂ ಮಾಡಲಿ. ಜಗಳದ ಹೊತ್ತಿಗೆ ನೆನಪಾಗುವುದು ಕೈಯ ಈ ಚಲನೆ. ಮೂರನೇ, ನಾಲ್ಕನೇ ದಿನ ಮಕ್ಕಳೇ ಆಡಿ ತೋರಿಸುತ್ತಾರೆ. ರೇಣುಕಾ ಆದವರು ತಮ್ಮನೂ ಆಗಲೇಬೇಕು. ತಮ್ಮನ ಅಂಜಿಕೆ ಅರ್ಥವಾಗುವುದು ಅಲ್ಲಿ. ನಿಜವಾದ ಪೀಪಿ ಕೊಟ್ಟರೆ ನಿಜವಾದ ಜಗಳ ಆಗುತ್ತದೆ, ಸುತ್ತಿದ ಕಾಗದ ಸಾಕು. ಐದನೇ ದಿನ ಕೊನೆ ಬದಲಿಸಲು ಬಿಡಿ. ಒಂದೇ ಕಥೆ ಒಂದು ವಾರ ನಡೆದರೆ ಬೇಸರವಾಗುವುದು ನಮಗೆ, ಮಕ್ಕಳಿಗಲ್ಲ. ಮೂರು ವರ್ಷದವರಿಗೆ ಮಾತ್ರ ಮೋಸ, ಅಡಗಿಸಿಟ್ಟ ವಸ್ತು ಇರುವ ಕಥೆ ಬೇಡ: ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಲಿಕ್ಕಿಲ್ಲ ಎಂಬ ತಿಳಿವಳಿಕೆ ಸಾಮಾನ್ಯವಾಗಿ ನಾಲ್ಕು ದಾಟಿದ ಮೇಲೆ ಗಟ್ಟಿಯಾಗುತ್ತದೆ.

ಗುಳೆ ಹೋದವರ ಮಕ್ಕಳ ವಿಷಯ ಬೇರೆ. ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಅಪ್ಪ ಅವ್ವ ಬೆಂಗಳೂರಿಗೋ ಮುಂಬೈಗೋ ದುಡಿಯಲು ಹೋಗಿರುತ್ತಾರೆ, ಮಗು ಅಜ್ಜಿಯ ಹತ್ತಿರ ಇರುತ್ತದೆ. ಇಂಥ ಮಗುವಿನ ಕಥೆ ಹೇಳುವಾಗ “ಮರುದಿನ ಅವ್ವ ಬಂದಳು” ಎಂದು ಮುಗಿಸಬೇಡಿ, ಅದು ಸುಳ್ಳು ಭರವಸೆ. ಅವ್ವ ದೂರ ಇದ್ದಾಳೆ, ಅಜ್ಜಿ ಹತ್ತಿರ ಇದ್ದಾಳೆ, ಸಂಜೆ ಫೋನು ಬರುತ್ತದೆ, ಇಷ್ಟೇ ಇರಲಿ. ಮಗು ಅತ್ತರೆ ಯಾಕೆ ಎಂದು ಎಲ್ಲರ ಮುಂದೆ ಕೇಳದೇ ಸಹಾಯಕಿ ಪಕ್ಕ ಕೂರಿಸಿಕೊಳ್ಳಲಿ. ಮನೆಯ ಹೊಡೆತ, ಕಿರುಕುಳದ ಮಾತು ಹೊರಬಂದರೆ ಗುಂಪಿನಲ್ಲಿ ಕೆದಕಬೇಡಿ. ಆಮೇಲೆ ಮಗುವಿನ ಮಾತನ್ನು ಪ್ರತ್ಯೇಕವಾಗಿ ಕೇಳಿಸಿಕೊಂಡು ಮೇಲ್ವಿಚಾರಕಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ.

ಫಲ ನೋಡಬೇಕಾದದ್ದು ಕಥೆ ಒಪ್ಪಿಸುವುದರಲ್ಲಲ್ಲ, ಆಟದ ಹೊತ್ತಿನಲ್ಲಿ. ನೋಟ್‌ಬುಕ್ಕಿನಲ್ಲಿ ದಿನಾಂಕ, ಹೆಸರು, ಮಗು ಆಡಿದ ಮಾತು ಬರೆಯಿರಿ. ‘ಒಳ್ಳೆ ಮಗು’, ‘ತುಂಟ’ ಎಂದಲ್ಲ. “ಸಿಟ್ಟು ಬಂದದ” ಎಂದು ಹೇಳಿಯೂ ಹೊಡೆಯುವ ಮಗು ಸಿಕ್ಕೇ ಸಿಗುತ್ತದೆ. ಮಾತು ಮೊದಲು ಬಂತು, ಕೈ ಆಮೇಲೆ ಹೋಯಿತು ಎಂದು ಆ ಸಾಲನ್ನೂ ಬರೆದಿಡಿ, ಮುಂದಿನ ವಾರ ಅದೇ ಕಥೆಯನ್ನು ಇನ್ನೊಂದು ವಸ್ತು ಇಟ್ಟು ಹೇಳಿ.